ಮರಳಿನ ಮೂಟೆಗಳ ಸವಾರಿ

ಈ ಬಸ್ಸಿನ ಮೇಲ್ಮಹಡಿಯಲ್ಲಿ ಒಬ್ಬ ಪ್ರಯಾಣಿಕನೂ ಇಲ್ಲ. ಪ್ರತಿ ಸೀಟಿನ ಮೇಲೂ ಮನುಷ್ಯನ ತೂಕಕ್ಕೆ ಸಮನಾದ ಮರಳಿನ ಮೂಟೆ ಕೂತಿದೆ. ಕೆಳಗಿನ ಮಹಡಿ ಖಾಲಿ. ಬಸ್ಸು ನಿಂತಿರುವುದು ಒಂದು ಭಾರಿ ಹಲಗೆಯ ಮೇಲೆ. ಯಂತ್ರವೊಂದು ಆ ಹಲಗೆಯ ಒಂದು ಅಂಚನ್ನು ನಿಧಾನವಾಗಿ ಮೇಲೆತ್ತುತ್ತಿದೆ. ಹತ್ತು ಡಿಗ್ರಿ, ಹದಿನೈದು, ಇಪ್ಪತ್ತು. ಬಸ್ಸು ವಾಲುತ್ತಲೇ ಹೋಗುತ್ತದೆ. ನೋಡುವವರಿಗೆ ಎದೆ ಢವಢವ. 28 ಡಿಗ್ರಿಗೆ ಯಂತ್ರ ನಿಲ್ಲುತ್ತದೆ. ಅಲ್ಲಿಯವರೆಗೆ ಬಸ್ಸು ಉರುಳದಿದ್ದರೆ ಪಾಸು!

ಬ್ರಿಟನ್ನಿನಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಯಾವುದೇ ಹೊಸ ಮಾದರಿ ರಸ್ತೆಗೆ ಇಳಿಯಬೇಕಾದರೆ ಈ ಪರೀಕ್ಷೆ ದಾಟಲೇಬೇಕು. ಲಂಡನ್ನಿನ ಕೆಂಪು ಬಸ್ಸು, ಅಂದರೆ ನೀವು ಚಿತ್ರಗಳಲ್ಲೆಲ್ಲ ನೋಡುವ ಆ ಹಳೆಯ 'ರೂಟ್‌ಮಾಸ್ಟರ್', ದಾಟಿದ್ದೂ ಇದನ್ನೇ. ಮೂಟೆಗಳನ್ನು ಮೇಲೆ ಮಾತ್ರ ಇಟ್ಟು ಕೆಳಗೆ ಯಾಕೆ ಖಾಲಿ ಬಿಟ್ಟರು ಅಂತ ಕೇಳುತ್ತೀರಾ? ಬಸ್ಸಿಗೆ ಬರಬಹುದಾದ ಅತಿ ಕೆಟ್ಟ ಪರಿಸ್ಥಿತಿ ಅದೇ. ಮಕ್ಕಳ ಗುಂಪೊಂದು ಹತ್ತಿತು ಅಂದುಕೊಳ್ಳಿ. ಎಲ್ಲರೂ ದಡದಡ ಮೆಟ್ಟಿಲೇರಿ ಮೇಲಕ್ಕೇ ಓಡುತ್ತಾರೆ, ಕೆಳಗೆ ಯಾರೂ ಕೂರುವುದಿಲ್ಲ. ಹಾಗಿದ್ದಾಗಲೂ ಬಸ್ಸು ಗಟ್ಟಿಯಾಗಿ ನಿಲ್ಲಬೇಕು.

ಅಷ್ಟು ಎತ್ತರದ ಬಸ್ಸು ಅಷ್ಟು ವಾಲಿದರೂ ಬೀಳುವುದಿಲ್ಲ ಯಾಕೆ? ಇದನ್ನು ಲೆಕ್ಕ ಮಾಡಿಯೇ ನೋಡೋಣ. ಯಾವುದೇ ವಸ್ತುವಿನ ಇಡೀ ತೂಕ ಒಂದೇ ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದು. ಅದಕ್ಕೆ ಗುರುತ್ವ ಕೇಂದ್ರ ಎಂದು ಹೆಸರು. ಆ ಬಿಂದುವಿನಿಂದ ನೇರ ಕೆಳಕ್ಕೆ ಒಂದು ದಾರ ಇಳಿಬಿಡಿ. ದಾರದ ತುದಿ ಎರಡೂ ಬದಿಯ ಚಕ್ರಗಳ ನಡುವೆಯೇ ಇರುವ ತನಕ ಬಸ್ಸು ಬೀಳುವುದಿಲ್ಲ. ಚಕ್ರದಿಂದ ಆಚೆ ಹೋಯಿತೋ, ಮಗುಚಿತು. ರೂಟ್‌ಮಾಸ್ಟರಿನ ಅಗಲ ಎಂಟು ಅಡಿ. ನಟ್ಟನಡುವಿನಿಂದ ಒಂದು ಬದಿಗೆ ಹೆಚ್ಚೆಂದರೆ ನಾಲ್ಕಡಿ. 28 ಡಿಗ್ರಿ ವಾಲಿದಾಗ ಗುರುತ್ವ ಕೇಂದ್ರದ ಪ್ರತಿ ಒಂದಡಿ ಎತ್ತರಕ್ಕೆ ದಾರದ ತುದಿ ಅರ್ಧ ಅಡಿಗಿಂತ ತುಸು ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಗುರುತ್ವ ಕೇಂದ್ರ ನೆಲದಿಂದ ಎಂಟಡಿ ಮೇಲಿದ್ದರೆ ದಾರ ನಾಲ್ಕಡಿ ದಾಟಿಬಿಡುತ್ತದೆ, ಬಸ್ಸು ಕೆಳಗೆ. ಆರಡಿಯಲ್ಲಿದ್ದರೆ ಮೂರಡಿಯ ಆಸುಪಾಸಿನಲ್ಲೇ ಉಳಿಯುತ್ತದೆ, ಬಸ್ಸು ಬಚಾವ್. ಹಾಗಾಗಿ ಹದಿನಾಲ್ಕು ಅಡಿಗೂ ಮೀರಿದ ಎತ್ತರದ ಬಸ್ಸಿನಲ್ಲಿ ತೂಕವನ್ನೆಲ್ಲ ಆದಷ್ಟು ಕೆಳಗೆ ಇಡಬೇಕು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಚಕ್ರಗಳು ಎಲ್ಲವೂ ಕೆಳಗೆ. ಮೇಲಿನ ಮಹಡಿ ಎಷ್ಟು ಹಗುರವಾದರೆ ಅಷ್ಟು ಒಳ್ಳೆಯದು.

ಮನೆಯಲ್ಲೇ ಮಾಡಿ ನೋಡಬಹುದು. ಟೂತ್‌ಪೇಸ್ಟಿನ ಎರಡು ಖಾಲಿ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಒಂದರ ಒಳಗೆ ತಳದ ಹತ್ತಿರ ನಾಲ್ಕಾರು ನಾಣ್ಯ ಅಂಟಿಸಿ, ಇನ್ನೊಂದರೊಳಗೆ ಅಷ್ಟೇ ನಾಣ್ಯಗಳನ್ನು ಮೇಲ್ತುದಿಯ ಹತ್ತಿರ ಅಂಟಿಸಿ. ಒಂದು ದಪ್ಪ ಪುಸ್ತಕಕ್ಕೆ ಒರಟು ಬಟ್ಟೆ ಸುತ್ತಿ ಅದರ ಮೇಲೆ ಎರಡನ್ನೂ ನೆಟ್ಟಗೆ ನಿಲ್ಲಿಸಿ. ಈಗ ಪುಸ್ತಕದ ಒಂದು ಬದಿಯನ್ನು ಮೆಲ್ಲಗೆ ಎತ್ತಿ. ಯಾವುದು ಮೊದಲು ಬೀಳುತ್ತದೆ ಎಂದು ನಾನು ಹೇಳುವುದಿಲ್ಲ. ಬಸ್ಸಿನ ಮೇಲ್ಮಹಡಿಯಲ್ಲಿ ನಿಂತು ಪ್ರಯಾಣ ಮಾಡಬಾರದು ಎಂಬ ನಿಯಮ ಲಂಡನ್ನಿನಲ್ಲಿ ಯಾಕಿದೆ ಎನ್ನುವುದಕ್ಕೂ ಆ ಡಬ್ಬಗಳಲ್ಲೇ ಅರ್ಧ ಉತ್ತರವಿದೆ.

ರೂಟ್‌ಮಾಸ್ಟರಿಗೆ ಮುಂಚೆ ಲಂಡನ್ನಿನಲ್ಲಿ ಓಡುತ್ತಿದ್ದದ್ದು 'ಆರ್.ಟಿ.' ಎಂಬ ಬಸ್ಸು. ಅದರಲ್ಲಿ 56 ಸೀಟು. ಹೊಸ ಬಸ್ಸು ಅದಕ್ಕಿಂತ ಹಗುರವಾಗಿರಬೇಕು, ಸೀಟು ಮಾತ್ರ ಹೆಚ್ಚು ಬೇಕು ಎಂದು ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಪಟ್ಟು ಹಿಡಿಯಿತು. ಒಂದಕ್ಕೊಂದು ಹೊಂದದ ಬೇಡಿಕೆ! ಎ.ಎ.ಎಂ. ಡ್ಯುರಾಂಟ್ ಎಂಬ ಎಂಜಿನಿಯರ್ ಮುಂದಾಳಾಗಿದ್ದ ತಂಡ ಅದನ್ನು ಸಾಧಿಸಿತು. ಬಸ್ಸಿನ ಅಂದಚೆಂದ ಡಗ್ಲಸ್ ಸ್ಕಾಟ್ ಎಂಬ ವಿನ್ಯಾಸಕಾರರದು. ಹೊಸ ಬಸ್ಸಿನಲ್ಲಿ 64 ಸೀಟುಗಳಿದ್ದವು, ತೂಕ ಮಾತ್ರ ಹಳೆಯದಕ್ಕಿಂತ ಮುಕ್ಕಾಲು ಟನ್ ಕಡಿಮೆ. ಅಂದರೆ ಎಂಟು ಜನ ಹೆಚ್ಚಿಗೆ ಕೂತರು, ಬಸ್ಸೇ ಹಗುರವಾಯಿತು.

ಇದರ ಗುಟ್ಟು ಅಲ್ಯೂಮಿನಿಯಂ. ಒಂದೇ ಅಳತೆಯ ಎರಡು ತುಂಡು ಲೋಹ ತೂಗಿದರೆ ಅಲ್ಯೂಮಿನಿಯಂ ತುಂಡು ಉಕ್ಕಿನ ತುಂಡಿನ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. ಹಾಗಾದರೆ ಎಲ್ಲ ಬಸ್ಸುಗಳನ್ನೂ ಅದರಲ್ಲೇ ಮಾಡಬಹುದಿತ್ತಲ್ಲ ಅನ್ನಿಸಬಹುದು. ತೊಂದರೆ ಇದೆ. ಉಕ್ಕಿಗಿಂತ ಅಲ್ಯೂಮಿನಿಯಂ ಸುಲಭವಾಗಿ ಬಾಗುತ್ತದೆ. ಅದನ್ನು ಗಟ್ಟಿಗೊಳಿಸಲು ಬೇರೆ ಲೋಹ ಬೆರೆಸಬೇಕು, ಮಡಿಕೆ ಕೊಟ್ಟು ಕೊಳವೆ, ಪಟ್ಟಿಗಳ ಆಕಾರಕ್ಕೆ ತರಬೇಕು. ಬೆಸುಗೆ ಹಾಕುವುದಂತೂ ಇನ್ನೂ ರಗಳೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದರೆ ಅದರ ಮೈಮೇಲೆ ಗಾಳಿ ತಾಗಿ ತಾನಾಗಿ ಬೆಳೆಯುವ ತೆಳ್ಳನೆಯ ಆಕ್ಸೈಡ್ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕು! ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಜಗ್ಗುವುದಿಲ್ಲ. ಸಾಲದ್ದಕ್ಕೆ, ಗಟ್ಟಿ ಮಾಡಿದ ಮಿಶ್ರಲೋಹಕ್ಕೆ ಬೆಂಕಿ ತಾಗಿದರೆ ಗಟ್ಟಿತನ ಕಳೆದುಹೋಗುತ್ತದೆ. ಅದಕ್ಕೇ ತಗಡಿಗೆ ತೂತು ಕೊರೆದು, ರಿವೆಟ್ ತೂರಿಸಿ, ಅದರ ತುದಿಯನ್ನು ಬಡಿದು ಅಗಲಿಸಿ ಜೋಡಿಸುತ್ತಾರೆ. ವಿಮಾನದ ರೆಕ್ಕೆಯ ಮೇಲೆ ಸಾಲುಸಾಲಾಗಿ ಕಾಣುವ ಚುಕ್ಕೆಗಳು ಈ ರಿವೆಟ್‌ಗಳೇ.

ಬಸ್ಸು ಮಾಡುವವರಿಗೆ ವಿಮಾನದ ಕೆಲಸ ಗೊತ್ತಾದದ್ದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಸ್ ಸಂಸ್ಥೆ ಕೆಲವು ಕಾರ್ಖಾನೆಗಳ ಜೊತೆ ಸೇರಿ ಹ್ಯಾಲಿಫ್ಯಾಕ್ಸ್ ಎಂಬ ಬಾಂಬರ್ ವಿಮಾನಗಳನ್ನು ತಯಾರಿಸಿತ್ತು. ಒಂದೆರಡಲ್ಲ, 710. ಅದುವರೆಗೆ ಕಾರ್ಖಾನೆಯ ಮುಖ ಕಾಣದಿದ್ದ ಮಹಿಳೆಯರೂ ಬಹಳ ಮಂದಿ ಆ ಕೆಲಸ ಕಲಿತರು. ಯುದ್ಧ ಮುಗಿಯಿತು, ವಿಮಾನ ಬೇಡವಾಯಿತು, ಕಲಿತ ವಿದ್ಯೆ ಉಳಿಯಿತು. ರೂಟ್‌ಮಾಸ್ಟರಿಗೆ ಲಾರಿಗಿರುವಂಥ ಉದ್ದನೆಯ ಚಾಸಿ ಇಲ್ಲ. ವಿಮಾನದ ಹಾಗೆ ಅದರ ಮೈಯೇ ಭಾರ ಹೊರುತ್ತದೆ. ಮುಂದೊಂದು, ಹಿಂದೊಂದು ಉಕ್ಕಿನ ಚೌಕಟ್ಟು ಮಾತ್ರ. ಮುಂದಿನದರಲ್ಲಿ ಎಂಜಿನ್ ಮತ್ತು ಸ್ಟೀರಿಂಗ್, ಹಿಂದಿನದರಲ್ಲಿ ಹಿಂಚಕ್ರದ ಆಕ್ಸಲ್. ಬೋಲ್ಟು ಬಿಚ್ಚಿದರೆ ಎರಡೂ ಕಳಚಿಕೊಳ್ಳುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ರೂಟ್‌ಮಾಸ್ಟರಿನ ಹೆಸರು ಆರ್.ಎಂ.1. 1954ರ ವಾಹನ ಪ್ರದರ್ಶನದಲ್ಲಿ ಜನ ಅದನ್ನು ಮೊದಲು ನೋಡಿದರು. ಪ್ರಯಾಣಿಕರು ಹತ್ತಿದ್ದು 1956ರ ಫೆಬ್ರವರಿಯಲ್ಲಿ, 2ನೇ ನಂಬರಿನ ಮಾರ್ಗದಲ್ಲಿ. ಶುರುವಿನಲ್ಲಿ ಅದರ ರೇಡಿಯೇಟರ್ ಬಸ್ಸಿನ ಮೂತಿಯಲ್ಲಿರಲಿಲ್ಲ, ನೆಲದಡಿಯಲ್ಲಿತ್ತು. ಎಂಜಿನ್ನಿನ ಬಿಸಿನೀರನ್ನು ತಣಿಸುವುದು ರೇಡಿಯೇಟರಿನ ಕೆಲಸ, ಅದಕ್ಕೆ ಎದುರುಗಾಳಿ ಬೇಕು. ನೆಲದಡಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಕೊನೆಗೆ ಅದನ್ನು ಮುಂದಕ್ಕೇ ತಂದು, ಮೂತಿಯನ್ನೇ ಬದಲಿಸಿದರು. 1968ರಲ್ಲಿ ತಯಾರಿಕೆ ನಿಂತಾಗ ಲೆಕ್ಕ 2,876 ಬಸ್ಸುಗಳಿಗೆ ಮುಟ್ಟಿತ್ತು. ಕೆಲವನ್ನು ಉದ್ದ ಮಾಡಿ 72 ಸೀಟು ಹಾಕಿದ್ದರು.

ಡ್ರೈವರಿಗೆ ಈ ಬಸ್ಸು ಹಬ್ಬ. ಹಳೆಯ ಬಸ್ಸುಗಳಲ್ಲಿ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ತೋಳು ಸೋಲುತ್ತಿತ್ತು. ಇಲ್ಲಿ ಪವರ್ ಸ್ಟೀರಿಂಗ್. ಕ್ಲಚ್ ಪೆಡಲ್ ಇಲ್ಲವೇ ಇಲ್ಲ. ಹಾಗಾದರೆ ಬಸ್ಸು ನಿಂತಾಗ ಎಂಜಿನ್ ಆಫ್ ಆಗದೆ ತಿರುಗುತ್ತಲೇ ಇರುವುದು ಹೇಗೆ? ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಡಿ. ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಎರಡನೆಯದು ತಾನೇ ತಿರುಗತೊಡಗುತ್ತದೆ. ಎರಡಕ್ಕೂ ನಡುವೆ ಸರಳಿಲ್ಲ, ಹಲ್ಲುಚಕ್ರವಿಲ್ಲ, ಬರೀ ಗಾಳಿ. ಎರಡನೆಯದನ್ನು ಯಾರಾದರೂ ದೊಡ್ಡವರು ತಡೆದು ಹಿಡಿದರೂ ಮೊದಲನೆಯದು ತನ್ನ ಪಾಡಿಗೆ ತಿರುಗುತ್ತದೆ. (ನೀವು ಮಾತ್ರ ಫ್ಯಾನಿಗೆ ಕೈ ಹಾಕಬೇಡಿ.) ರೂಟ್‌ಮಾಸ್ಟರಿನಲ್ಲಿ ಫ್ಯಾನಿನ ಬದಲು ಎಲೆಗಳಿರುವ ಎರಡು ಬಟ್ಟಲುಗಳು, ಗಾಳಿಯ ಬದಲು ಎಣ್ಣೆ. ಒಂದು ಬಟ್ಟಲಿಗೆ ಎಂಜಿನ್ ಸೇರಿದೆ, ಇನ್ನೊಂದಕ್ಕೆ ಗೇರ್‌ಬಾಕ್ಸ್. ಎಂಜಿನ್ ನಿಧಾನಕ್ಕೆ ತಿರುಗುವಾಗ ಎಣ್ಣೆಯ ತಳ್ಳಾಟಕ್ಕೆ ಬಸ್ಸನ್ನು ಎಳೆಯುವಷ್ಟು ಬಲವಿಲ್ಲ. ಡ್ರೈವರ್ ಆಕ್ಸಿಲರೇಟರ್ ಒತ್ತಿದೊಡನೆ ಎಣ್ಣೆ ಜೋರಾಗಿ ಚಿಮ್ಮಿ ಎರಡನೇ ಬಟ್ಟಲನ್ನು ತಿರುಗಿಸುತ್ತದೆ, ಬಸ್ಸು ಗಕ್ಕೆನ್ನದೆ ಹೊರಡುತ್ತದೆ. ಹೆಜ್ಜೆ ಹೆಜ್ಜೆಗೂ ಸ್ಟಾಪು, ಸಿಗ್ನಲ್ಲು ಇರುವ ಊರಿನಲ್ಲಿ ಇದು ಎಷ್ಟು ದೊಡ್ಡ ಉಪಕಾರವೆಂದು ನಮ್ಮ ಸಿಟಿ ಬಸ್ಸಿನ ಡ್ರೈವರುಗಳನ್ನು ಕೇಳಿದರೆ ಹೇಳುತ್ತಾರೆ.

ಡ್ರೈವರ್ ಮುಂದೆ ತನ್ನ ಪುಟ್ಟ ಕೋಣೆಯಲ್ಲಿ ಒಬ್ಬನೇ. ಪ್ರಯಾಣಿಕರದೆಲ್ಲ ಕಂಡಕ್ಟರ್ ಪಾಲಿಗೆ. ನಮ್ಮಲ್ಲಿ 'ಹೋಲ್ಡಾನ್', 'ರೈಟ್ ರೈಟ್' ಎಂದು ಕೂಗುತ್ತಾರಲ್ಲ, ಅಲ್ಲಿ ಗಂಟೆ. ಒಮ್ಮೆ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು. ಬಸ್ಸಿನ ಹಿಂಭಾಗಕ್ಕೆ ಬಾಗಿಲೇ ಇರಲಿಲ್ಲ. ತೆರೆದ ಕಟ್ಟೆ, ಹಿಡಿಯಲೊಂದು ಕಂಬ. ಟ್ರಾಫಿಕ್ಕಿನಲ್ಲಿ ನಿಂತಾಗ ಜನ ಹಾರಿ ಹತ್ತುತ್ತಿದ್ದರು, ಹಾರಿ ಇಳಿಯುತ್ತಿದ್ದರು. ನೋಡಲು ಖುಷಿ, ಆದರೆ ಬಿದ್ದು ಪೆಟ್ಟು ಮಾಡಿಕೊಂಡವರೂ ಇದ್ದರು. ಇನ್ನು ಗಾಲಿಕುರ್ಚಿಯಲ್ಲಿ ಬಂದವರಿಗೆ ಆ ಬಸ್ಸು ಹತ್ತುವ ದಾರಿಯೇ ಇರಲಿಲ್ಲ. ಈ ಬಸ್ಸನ್ನು ಹಾಡಿ ಹೊಗಳುವವರು ಇದನ್ನು ಮರೆತುಬಿಡುತ್ತಾರೆ.

ಈಗ ಬೋಲ್ಟಿನ ವಿಷಯಕ್ಕೆ ಬರೋಣ. ಲಂಡನ್ನಿನ ಹೊರವಲಯದಲ್ಲಿ ಆಲ್ಡನ್‌ಹ್ಯಾಮ್ ಎಂಬಲ್ಲಿ ಬಸ್ಸುಗಳ ದೊಡ್ಡ ಕಾರ್ಯಾಗಾರವಿತ್ತು. ಆ ಕಟ್ಟಡದ ಕತೆಯೇ ಒಂದು ತಮಾಷೆ. ಕಟ್ಟಲು ಹೊರಟದ್ದು ಸುರಂಗ ರೈಲುಗಳಿಗೆ, ಯುದ್ಧ ಬಂದು ವಿಮಾನಗಳ ಪಾಲಾಯಿತು, ಕೊನೆಗೆ ಒದಗಿದ್ದು ಬಸ್ಸುಗಳಿಗೆ. ಕೆಲವು ವರ್ಷಗಳಿಗೊಮ್ಮೆ ಪ್ರತಿ ಬಸ್ಸೂ ಇಲ್ಲಿಗೆ ಬರಬೇಕಿತ್ತು. ಬಂದ ಬಸ್ಸಿನ ಬೋಲ್ಟು ಬಿಚ್ಚಿ, ಕ್ರೇನಿನಲ್ಲಿ ಮೈಯನ್ನು ಎತ್ತಿ ಒಂದು ಕಡೆಗೆ, ಚೌಕಟ್ಟುಗಳನ್ನು ಇನ್ನೊಂದು ಕಡೆಗೆ, ಎಂಜಿನ್ ಮತ್ತೊಂದು ಕಡೆಗೆ ಕಳಿಸುತ್ತಿದ್ದರು. ಬಸ್ಸಿನ ಹೊಟ್ಟೆಯಡಿಯ ಕೊಳೆ ತೊಳೆಯಲು ಇಡೀ ಮೈಯನ್ನು ಪಕ್ಕಕ್ಕೆ ಹೊರಳಿಸುವ ಯಂತ್ರವೂ ಇತ್ತು. ಭಾಗಗಳೆಲ್ಲ ಒಂದೇ ಅಳತೆಗೆ ಕರಾರುವಾಕ್ಕಾಗಿ ಮಾಡಿದ್ದರಿಂದ ಯಾವ ಮೈಗೆ ಯಾವ ಚೌಕಟ್ಟಾದರೂ ಕೂರುತ್ತಿತ್ತು. ಹಾಗಾಗಿ ತನ್ನ ಹಳೆಯ ಮೈ ರಿಪೇರಿಯಾಗಲಿ ಎಂದು ಚೌಕಟ್ಟು ಕಾಯುತ್ತಲೇ ಇರಲಿಲ್ಲ, ಮೊದಲು ಸಿದ್ಧವಾದ ಬೇರೊಂದು ಮೈ ಹೊತ್ತು ಹೊರಟುಬಿಡುತ್ತಿತ್ತು! ರಿಪೇರಿಗೆ ಒಳಹೋದ ಬಸ್ಸಿನ ನಂಬರನ್ನು ಹೊಸದಾಗಿ ತಯಾರಾಗಿ ಹೊರಬರುವ ಬಸ್ಸಿಗೆ ಹಾಕುತ್ತಿದ್ದರು. ನಂಬರೂ ಲೈಸೆನ್ಸೂ ಒಂದು ದಿನವೂ ಸುಮ್ಮನೆ ಕೂರದಂತೆ ಮಾಡಿದ ಉಪಾಯ ಇದು.

ಹಾಗಾದರೆ ಒಂದು ತಲೆಹರಟೆ ಪ್ರಶ್ನೆ. ಮೈ ಒಂದು ಬಸ್ಸಿನದು, ಚೌಕಟ್ಟು ಇನ್ನೊಂದರದು, ಎಂಜಿನ್ ಮತ್ತೊಂದರದು, ನಂಬರ್ ಮಗದೊಂದರದು. ಇದು ಯಾವ ಬಸ್ಸು? ಹಳೆಯ ಬಸ್ಸುಗಳನ್ನು ಸಾಕುವವರು ಈ ವಿಷಯಕ್ಕೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ, ಈ ಬಸ್ಸು ಅಷ್ಟು ಕಾಲ ಬದುಕಿದ್ದೇ ಈ ಅದಲುಬದಲಿನಿಂದ. ಹದಿನೇಳು ವರ್ಷ ಬಾಳಿದರೆ ಸಾಕು ಎಂದು ಮಾಡಿದ ಬಸ್ಸು ಅದು. 1986ರಲ್ಲಿ ಆಲ್ಡನ್‌ಹ್ಯಾಮ್ ಮುಚ್ಚಿತು. ಆಮೇಲೂ ರೂಟ್‌ಮಾಸ್ಟರಿಗೆ ಹೊಸ ಎಂಜಿನ್, ಹೊಸ ಸೀಟು ಹಾಕಿ ಓಡಿಸಿದರು. ಕೊನೆಗೆ 2005ರ ಡಿಸೆಂಬರ್ 9ರಂದು 159ನೇ ಮಾರ್ಗದ ಕೊನೆಯ ರೂಟ್‌ಮಾಸ್ಟರ್ ಬ್ರಿಕ್ಸ್‌ಟನ್ ಡಿಪೋಗೆ ಬಂದಾಗ ರಸ್ತೆ ತುಂಬ ಜನ, ಕ್ಯಾಮೆರಾ. ಒಂದೆರಡು ಮಾರ್ಗಗಳಲ್ಲಿ ಪ್ರವಾಸಿಗಳಿಗೆಂದು ಕೆಲವು ಬಸ್ಸುಗಳು ಇನ್ನೂ ಕೆಲವು ವರ್ಷ ಓಡಿದವು.

ನಮ್ಮ ಕಡೆಯೂ ಡಬಲ್ ಡೆಕ್ಕರುಗಳಿದ್ದವು. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಬಿ.ಟಿ.ಎಸ್. ಎಂಬ ಬಸ್ ಸಂಸ್ಥೆ ಅವನ್ನು ಓಡಿಸುತ್ತಿತ್ತು, ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಮುಂಬಯಿಗೆ ಡಬಲ್ ಡೆಕ್ಕರುಗಳು ಬಂದದ್ದು 1937ರಲ್ಲಿ, ಅಲ್ಲಿನ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ವಿದಾಯ ಹೇಳಿದ್ದು 2023ರ ಸೆಪ್ಟೆಂಬರ್ 15ರಂದು. ಈಗ ಅಲ್ಲಿ ಕರೆಂಟಿನ ಡಬಲ್ ಡೆಕ್ಕರುಗಳು ಬಂದಿವೆ. ರೂಟ್‌ಮಾಸ್ಟರಿಗೂ ನಮಗೂ ಒಂದು ನಂಟೂ ಇದೆ. ಅದನ್ನು ತಯಾರಿಸಿದ ಎ.ಇ.ಸಿ. ಕಂಪನಿಯನ್ನು 1962ರಲ್ಲಿ ಲೇಲ್ಯಾಂಡ್ ಕಂಪನಿ ತನ್ನೊಳಗೆ ಸೇರಿಸಿಕೊಂಡಿತು. ನಿಮ್ಮೂರಿಗೆ ಬರುವ ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಮೂತಿಯ ಮೇಲೆ ಅಶೋಕ್ ಲೇಲ್ಯಾಂಡ್ ಎಂದು ಬರೆದಿದ್ದರೆ, ಆ ಎರಡನೇ ಪದ ಈ ಲೇಲ್ಯಾಂಡ್ ಕಂಪನಿಯಿಂದಲೇ ಬಂದದ್ದು.

ಸಾವಿರಕ್ಕೂ ಹೆಚ್ಚು ರೂಟ್‌ಮಾಸ್ಟರುಗಳು ಇಂದಿಗೂ ಉಳಿದಿವೆ. ಕೆಲವು ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿನಲ್ಲಿ, ಕೆಲವು ಬ್ರೂಕ್‌ಲ್ಯಾಂಡ್ಸ್‌ನ ಬಸ್ ಮ್ಯೂಸಿಯಮ್ಮಿನಲ್ಲಿ, ಬಹಳಷ್ಟು ಬಸ್ಸು ಹುಚ್ಚಿನ ಜನರ ಷೆಡ್ಡುಗಳಲ್ಲಿ. ಕೆಲವಂತೂ ಕಾಫಿ ಅಂಗಡಿಗಳಾಗಿವೆ.

ಅಲ್ಯೂಮಿನಿಯಂ ಬಸ್ಸಿಗೆ ತುಕ್ಕು ಹಿಡಿಯುವುದಿಲ್ಲ, ಸುಮ್ಮನೆ ನಿಲ್ಲಿಸಿದರಾಯಿತು ಅಂದುಕೊಂಡವರು ಕೆಟ್ಟರು. ಅಲ್ಯೂಮಿನಿಯಂ ಒಂದೇ ಇದ್ದಾಗ ಸರಿ, ಆಗಲೇ ಹೇಳಿದ ಆ ಹಟಮಾರಿ ಪೊರೆ ಅದನ್ನು ಕಾಪಾಡುತ್ತದೆ. ತೊಂದರೆ ಶುರುವಾಗುವುದು ಅದಕ್ಕೆ ಉಕ್ಕಿನ ಬೋಲ್ಟೋ ಚೌಕಟ್ಟೋ ತಾಗಿರುವ ಜಾಗದಲ್ಲಿ. ಎರಡು ಬೇರೆ ಬೇರೆ ಲೋಹಗಳು, ನಡುವೆ ಉಪ್ಪುನೀರು. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ ಮತ್ತು ಸತುವಿನ ಪಟ್ಟಿ ಚುಚ್ಚಿ ಕರೆಂಟು ಹುಟ್ಟಿಸಿದ್ದೀರಲ್ಲ? ಇಲ್ಲೂ ಅದೇ ನಡೆಯುತ್ತದೆ, ಯಾರಿಗೂ ಬೇಡವಾದ ಕಡೆ. ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುವುದು ಅಲ್ಯೂಮಿನಿಯಂ. ಆದ್ದರಿಂದ ಸವೆಯುವುದೂ ಅದೇ. ಬೋಲ್ಟಿನ ಸುತ್ತಲಿನ ಲೋಹ ಬಿಳಿ ಪುಡಿಯಾಗಿ ಉದುರುತ್ತದೆ. ಉಪ್ಪು ಎಲ್ಲಿಂದ ಬಂತು ಅಂದಿರಾ? ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲಿ ಎಂದು ಉಪ್ಪು ಚೆಲ್ಲುತ್ತಾರೆ, ಚಕ್ರ ಅದನ್ನು ಬಸ್ಸಿನ ಹೊಟ್ಟೆಗೆಲ್ಲ ಎರಚುತ್ತದೆ. ಅದಕ್ಕೇ ಹಳೆಯ ಬಸ್ಸು ಸಾಕುವವರ ಅರ್ಧ ಕೆಲಸ ತೊಳೆಯುವುದು. ಬಿಚ್ಚಿ ಕಟ್ಟುವಾಗ ಎರಡು ಲೋಹಗಳ ನಡುವೆ ಬಣ್ಣವನ್ನೋ ಕರೆಂಟು ದಾಟದ ಪಟ್ಟಿಯನ್ನೋ ಹಾಕುತ್ತಾರೆ.

ಓಡಿಸದೆ ಬಿಟ್ಟರೂ ಬಸ್ಸು ಹಾಳಾಗುತ್ತದೆ. ಚಳಿಗೆ ಎಂಜಿನ್ನಿನೊಳಗಿನ ಗಾಳಿಯ ತೇವ ಹನಿಗಟ್ಟಿ ಎಣ್ಣೆಗೆ ಬೆರೆಯುತ್ತದೆ. ಸಿಲಿಂಡರಿನ ಗೋಡೆಯ ಎಣ್ಣೆ ಜಾರಿ ಇಳಿದು ಅಲ್ಲಿ ತುಕ್ಕು ಕೂರುತ್ತದೆ. ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆಫ್ ಮಾಡಿದರೆ ಇನ್ನೂ ಕೆಟ್ಟದ್ದು. ಉರಿದ ಡೀಸೆಲ್ಲಿನಿಂದಲೂ ನೀರಾವಿ ಹುಟ್ಟುತ್ತದೆ, ಎಂಜಿನ್ ಚೆನ್ನಾಗಿ ಕಾಯದಿದ್ದರೆ ಅದೂ ಒಳಗೇ ಉಳಿಯುತ್ತದೆ. ಎಣ್ಣೆ ಪೂರ್ತಿ ಬಿಸಿಯಾಗುವ ತನಕ ಓಡಿಸಬೇಕು. ಆದರೆ ಓಡಿಸಿದಷ್ಟೂ ಹಳೆಯ ಭಾಗಗಳು ಸವೆಯುತ್ತವೆ, ಸವೆದದ್ದಕ್ಕೆ ಹೊಸದು ಹಾಕಬೇಕು. ಆರ್.ಎಂ.1ರಂಥ ಒಂದೇ ಒಂದು ಬಸ್ಸಾದರೆ ಜೋಪಾನವಾಗಿಡುವುದು ಸರಿ. ಉಳಿದವನ್ನು ಓಡಿಸಲಿ ಎಂದೇ ನಾನು ಹೇಳುತ್ತೇನೆ. ನಿಂತ ಬಸ್ಸಿನಲ್ಲಿ ಆ ಎಣ್ಣೆಯ ಬಟ್ಟಲುಗಳ ಕೆಲಸ ಹೇಗೆ ಗೊತ್ತಾಗಬೇಕು?

ಹಾಗೆ ಓಡಿಸುವವರಿಗೆ ವರ್ಷಕ್ಕೊಮ್ಮೆ ಒಂದು ಜಾತ್ರೆಯೂ ಉಂಟು. ಇಂಗ್ಲೆಂಡಿನ ಸಾಲಿಸ್ಬರಿ ಬಯಲಿನಲ್ಲಿ ಇಂಬರ್ ಎಂಬ ಹಳ್ಳಿಯಿದೆ. 1943ರಲ್ಲಿ ಸೈನಿಕರ ತರಬೇತಿಗೆಂದು ಊರಿನವರನ್ನೆಲ್ಲ ಖಾಲಿ ಮಾಡಿಸಿದರು, ಅವರು ಮತ್ತೆ ಬಂದು ನೆಲೆಸಲು ಆಗಲೇ ಇಲ್ಲ. 2009ರಲ್ಲಿ ಕೆಲವರಿಗೆ ಒಂದು ಯೋಚನೆ ಬಂತು: ಆ ಊರಿಗೆ ಒಂದು ದಿನ ಬಸ್ಸು ಬಿಟ್ಟರೆ? ಅಂದಿನಿಂದ ವಾರ್‌ಮಿನ್‌ಸ್ಟರ್ ಎಂಬ ಪಟ್ಟಣದಿಂದ ರೂಟ್‌ಮಾಸ್ಟರುಗಳು ಆ ಒಂದು ದಿನ ಅಲ್ಲಿಗೆ ಓಡುತ್ತವೆ. ಮಾರ್ಗದ ನಂಬರ್ 23ಎ. ಯಾರೂ ವಾಸಿಸದ ಊರಿಗೆ ಬಸ್ಸು, ಅದೂ ಜನ ಗಿಜಿಗಿಜಿ ತುಂಬಿಕೊಂಡು!

ಇಂಥ ಪ್ರಯಾಣಕ್ಕೆ ಮೊದಲು ಬಸ್ಸಿನ ಒಡೆಯರು ಟಯರನ್ನು ತಪ್ಪದೆ ನೋಡುತ್ತಾರೆ. ಹೆಚ್ಚು ಓಡದ ಬಸ್ಸಿನ ಟಯರು ನೋಡಲು ಹೊಸದರ ಹಾಗಿರುತ್ತದೆ, ಅದರ ಮೇಲ್ಮೈ ಒಂದಿಷ್ಟೂ ಸವೆದಿರುವುದಿಲ್ಲ. ಆದರೆ ಗಾಳಿಯಲ್ಲಿರುವ ಓಜೋನ್ ರಬ್ಬರಿನ ಉದ್ದುದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತಾ ಬಂದಿರುತ್ತದೆ, ಬಿಸಿಲೂ ಅದಕ್ಕೆ ಕೈಜೋಡಿಸುತ್ತದೆ. ರಬ್ಬರ್ ಬಿರುಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಆದ್ದರಿಂದ ಟಯರಿಗೆ ಸವೆತದಷ್ಟೇ ವಯಸ್ಸೂ ಮುಖ್ಯ. ಅದರ ವಯಸ್ಸು ತಿಳಿಯುವುದು ಸುಲಭ. ಟಯರಿನ ಪಕ್ಕದ ಗೋಡೆಯಲ್ಲಿ ಉಬ್ಬಿದ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ ಆ ಟಯರು 2019ರ 23ನೇ ವಾರದಲ್ಲಿ ಹುಟ್ಟಿದ್ದು. ನಾಳೆ ನಿಮ್ಮ ಶಾಲೆಯ ಬಸ್ಸು ಪೂರ್ತಿ ನಿಂತು ಎಂಜಿನ್ ಆಫ್ ಆದ ಮೇಲೆ, ಡ್ರೈವರ್ ಅಂಕಲ್‌ಗೆ ಹೇಳಿ, ಅವರ ಜೊತೆಯಲ್ಲೇ ಹೋಗಿ ಹುಡುಕಿ. ಕೆಲವೊಮ್ಮೆ ಆ ಅಂಕಿಗಳು ಟಯರಿನ ಒಳಮೈಗೆ ಇರುತ್ತವೆ. ಆಗ ಬಸ್ಸಿನಡಿಗೆ ನುಸುಳಬೇಡಿ, ಪಕ್ಕದ ಟಯರು ನೋಡಿ.